ಬಯಕೆಗೂ ಮೊದಲಿನ ದಿನಗಳು

ಗಡಿನಾಡಿನ ನಮ್ಮ ಮನೆಗಳಲ್ಲಿ ಗರ್ಭಿಣಿಯ ಉಪಚಾರಕ್ಕೆ ಒಂದು ಕ್ರಮವಿದೆ. ಐದನೆಯ ತಿಂಗಳೋ ಏಳನೆಯ ತಿಂಗಳೋ ಒಳ್ಳೆಯ ದಿನ ನೋಡಿ ಬಯಕೆಯ ಊಟ ಬಡಿಸುತ್ತೇವೆ, ಸೀಮಂತ ಮಾಡುತ್ತೇವೆ. ಮಲಯಾಳ ಮಾತನಾಡುವ ನೆರೆಮನೆಯಲ್ಲಿ ಅದೇ ಹೊತ್ತಿಗೆ ಪುಳಿಕುಡಿ ನಡೆಯುತ್ತದೆ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಹುಡುಗಿಯನ್ನು ತವರಿಗೆ ಕಳುಹಿಸುತ್ತೇವೆ. ಹೆರಿಗೆಯಾದ ಮೇಲೆ ಬಾಣಂತನವೆಂದರೆ ಎಣ್ಣೆ, ಬಿಸಿನೀರು, ಕಷಾಯ, ಲೇಹ್ಯಗಳ ನಲವತ್ತು ದಿನ. ಈ ಉಪಚಾರದಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಹಿರಿಯರ ಪ್ರೀತಿ ಅದರಲ್ಲಿದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಗರ್ಭ ನಿಲ್ಲುವುದಕ್ಕೆ ಮೊದಲಿನ ತಿಂಗಳುಗಳಲ್ಲಿ, ನಿಂತ ಮೇಲಿನ ಮೊದಲ ನಾಲ್ಕು ವಾರಗಳಲ್ಲಿ ಆ ಹುಡುಗಿ ಏನು ಉಂಡಳು, ಎಂಥ ಗಾಳಿಯಲ್ಲಿ ಬದುಕಿದಳು ಎಂದು ಕೇಳುವವರು ಯಾರು? ಆ ದಿನಗಳು ನಮ್ಮ ಯಾವ ಶಾಸ್ತ್ರದ ಲೆಕ್ಕಕ್ಕೂ ಸೇರಿದಂತೆ ಕಾಣುವುದಿಲ್ಲ.

ಹಳೆಯ ಗ್ರಂಥಗಳು ಈ ವಿಚಾರದಲ್ಲಿ ಪೂರ್ತಿ ಮೌನವಾಗಿರಲಿಲ್ಲ. ಗರ್ಭ ಕಟ್ಟಲು ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಸರಿಯಾಗಿರಬೇಕೆಂದು ಸುಶ್ರುತ ಸಂಹಿತೆಯ ಶಾರೀರಸ್ಥಾನ ಹೇಳುತ್ತದೆ. ಅದು ಬೇಸಾಯಗಾರನ ಹೋಲಿಕೆ. ಹದವಾದ ಕಾಲ, ಹದವಾದ ನೆಲ, ನೀರು, ಒಳ್ಳೆಯ ಬಿತ್ತು. ಹದಿನಾರು ಸಂಸ್ಕಾರಗಳ ಪಟ್ಟಿಯಲ್ಲಿಯೂ ಗರ್ಭಾಧಾನ ಮೊದಲನೆಯದು, ಪುಂಸವನ ಎರಡನೆಯದು, ಸೀಮಂತ ಮೂರನೆಯದು. ನಾವು ಮೊದಲನೆಯದನ್ನು ಮಂತ್ರಕ್ಕೆ ಬಿಟ್ಟು, ಮೂರನೆಯದನ್ನು ಮಾತ್ರ ಊಟದ ಎಲೆಗೆ ತಂದುಕೊಂಡೆವು. ಹಾಗೆಂದು ಇಂದಿನ ವೈದ್ಯಶಾಸ್ತ್ರ ಹೇಳುವುದೆಲ್ಲ ಅಂದೇ ಗೊತ್ತಿತ್ತೆಂದು ನಾನು ಹೇಳಲಾರೆ. ಮೊದಲ ದಿನಗಳ ಬೆಲೆ ಏನೆಂಬುದನ್ನು ಅಳತೆ ಮಾಡಿ ತೋರಿಸಲು ಇಪ್ಪತ್ತನೆಯ ಶತಮಾನದಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ನಾನು ವೈದ್ಯನಲ್ಲ, ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನು. ಆದರೂ ಆ ಅರುವತ್ತು ವರ್ಷಗಳ ಚರಿತ್ರೆಯನ್ನು ನಮ್ಮ ಓದುಗರ ಮುಂದಿಡಬೇಕೆನಿಸಿದೆ. ಅದರ ಮೊದಲ ಅಧ್ಯಾಯ ನಡೆದದ್ದು ಮುಂಬಯಿಯಲ್ಲಿ. ಅದರ ಒಂದು ಪುಟ, ನಮ್ಮಂತೆಯೇ ರಾಜ್ಯದ ಗಡಿಯಾಚೆ ಉಳಿದ ಕನ್ನಡಿಗರಿರುವ ನೀಲಗಿರಿಯಲ್ಲಿ.

ಲೂಸಿ ವಿಲ್ಸ್ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸಮೀಪ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ, ಭೂವಿಜ್ಞಾನ ಓದಿ, ಬಳಿಕ ಲಂಡನ್ನಿನಲ್ಲಿ ಹೆಂಗಸರಿಗಾಗಿಯೇ ಇದ್ದ ವೈದ್ಯಕೀಯ ಕಾಲೇಜಿನಿಂದ 1920ರಲ್ಲಿ ವೈದ್ಯೆಯಾದರು. ಭಾರತದಲ್ಲಿ ಹೆರಿಗೆಯ ಹೊತ್ತಿಗೆ ಹೆಂಗಸರು ಇಷ್ಟೊಂದು ಸಂಖ್ಯೆಯಲ್ಲಿ ಸಾಯುವುದೇಕೆ ಎಂಬ ವಿಚಾರಣೆಯನ್ನು ಆಗ ಡಾ. ಮಾರ್ಗರೆಟ್ ಬಾಲ್ಫರ್ ನಡೆಸುತ್ತಿದ್ದರು. ಅವರ ಕರೆಗೆ ಓಗೊಟ್ಟು ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದರು. ಅವರ ಪಾಲಿಗೆ ಬಂದದ್ದು ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ಉಗ್ರ ರಕ್ತಹೀನತೆ. ಈ ರೋಗದಲ್ಲಿ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕುಗ್ಗುತ್ತವೆ, ಗಾತ್ರದಲ್ಲಿ ಮಾತ್ರ ಊದಿಕೊಂಡಂತೆ ದೊಡ್ಡದಾಗುತ್ತವೆ. ಬಟ್ಟೆ ಗಿರಣಿಗಳ ಊರಾದ ಮುಂಬಯಿಯಲ್ಲಿ ದುಡಿದು ತಿನ್ನುವ ಬಡ ಹೆಂಗಸರಲ್ಲಿ, ಮನೆಯಿಂದ ಹೊರಬಾರದ ಬಡ ಮುಸಲ್ಮಾನ ಹೆಂಗಸರಲ್ಲಿ ಇದು ಹೆಚ್ಚು.

ವಿಲ್ಸ್ ರೋಗಾಣುವನ್ನು ಹುಡುಕುತ್ತ ಕೂರಲಿಲ್ಲ. ರೋಗಿಗಳ ಅಡಿಗೆಮನೆಯತ್ತ ನೋಡಿದರು. ಯಾವ ವರ್ಗದ ಹೆಂಗಸರು ಏನು ಉಣ್ಣುತ್ತಾರೆಂದು ಪಟ್ಟಿ ಮಾಡಿದರು. ಹಾಲು, ಹಣ್ಣು, ಸೊಪ್ಪು ತರಕಾರಿ ಕಾಣದ ಊಟದ ಜೊತೆಗೆ ಈ ರೋಗ ಹೆಜ್ಜೆ ಹಾಕುತ್ತಿತ್ತು. 1929ರಲ್ಲಿ ಕೆಲವು ತಿಂಗಳು ಅವರು ನೀಲಗಿರಿಯ ಕೂನೂರಿಗೆ ಬಂದು ಅಲ್ಲಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಆಹಾರ ಸಂಶೋಧನೆಗೆ ಹೆಸರಾದ ರಾಬರ್ಟ್ ಮೆಕ್‌ಕ್ಯಾರಿಸನ್ ಇದ್ದ ಸ್ಥಳ ಅದು. ಮುಂಬಯಿಯ ಬಡ ಹೆಂಗಸರ ಊಟದಂಥದೇ ಆಹಾರವನ್ನು ಇಲಿಗಳಿಗೆ, ಆಮೇಲೆ ಮಂಗಗಳಿಗೆ ಕೊಟ್ಟು ನೋಡಿದರು. ರಕ್ತ ಕೆಟ್ಟ ಒಂದು ಮಂಗಕ್ಕೆ ಬೇರೆಲ್ಲ ಉಪಾಯ ಮುಗಿದ ಮೇಲೆ ಮಾರ್ಮೈಟ್ ತಿನ್ನಿಸಿದರು. ಬಿಯರ್ ತಯಾರಿಸಿ ಉಳಿದ ಹುದುಗಿನಿಂದ ಮಾಡುವ, ಬ್ರೆಡ್ಡಿಗೆ ಹಚ್ಚಿಕೊಳ್ಳುವ ಕಪ್ಪು ಸಾರ ಅದು, ಬಹಳ ಅಗ್ಗ. ಮಂಗ ಚೇತರಿಸಿಕೊಂಡಿತು. ಗರ್ಭಿಣಿಯರಿಗೆ ಕೊಟ್ಟರು, ಅವರೂ ಚೇತರಿಸಿಕೊಂಡರು. 1931ರಲ್ಲಿ ಈ ವಿಚಾರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಹುದುಗಿನಲ್ಲಿದ್ದ ಆ ಅಜ್ಞಾತ ವಸ್ತುವಿಗೆ ಜನ ‘ವಿಲ್ಸ್ ಅಂಶ’ ಎಂದೇ ಹೆಸರಿಟ್ಟರು.

ಆ ಅಂಶಕ್ಕೆ ರೂಪ ಸಿಗಲು ಇನ್ನೂ ಹತ್ತು ವರ್ಷ ಹಿಡಿಯಿತು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಮಿಚೆಲ್, ಸ್ನೆಲ್, ವಿಲಿಯಮ್ಸ್ ಎಂಬ ಮೂವರು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಸೋಸಿ, ಅದರಿಂದ ತುಸುವೇ ತುಸು ಸಾರ ತೆಗೆದರು. ಎಲೆಗೆ ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಮ್’ ಎನ್ನುತ್ತಾರೆ. ಆದ್ದರಿಂದ ‘ಫೋಲಿಕ್ ಆಮ್ಲ’ ಎಂಬ ಹೆಸರು ಬಂತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಲೆಹುಳಿ. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಕಂಪೆನಿಯ ತಂಡ. ಅದರ ಮುಂದಾಳು ಯೆಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದವರು. ಮುಂಬಯಿಯ ಗರ್ಭಿಣಿಯರ ರಕ್ತದಲ್ಲಿ ಆರಂಭವಾದ ಹುಡುಕಾಟಕ್ಕೆ ಮಾತ್ರೆಯ ರೂಪ ಕೊಟ್ಟವರೂ ನಮ್ಮ ದೇಶದವರೇ ಎಂಬುದು ಗಮನಿಸತಕ್ಕ ಸಂಗತಿ.

ಇಲ್ಲಿಯವರೆಗಿನ ಕಥೆ ಬಸುರಿಯ ಕಥೆ. ಬಸಿರಿಗೆ ಮೊದಲಿನ ದಿನಗಳ ಕಥೆ ಇನ್ನೊಂದು ಕಡೆಯಿಂದ, ಯುದ್ಧಕಾಲದ ಹಸಿವಿನಿಂದ ಬಂತು. 1944ರ ಕೊನೆಯಲ್ಲಿ ಜರ್ಮನರ ವಶದಲ್ಲಿದ್ದ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಸಾಗಾಟ ನಿಂತುಹೋಯಿತು. ಆಮ್‌ಸ್ಟರ್‌ಡಾಮ್, ರಾಟರ್‌ಡಾಮ್ ಮುಂತಾದ ಊರುಗಳಲ್ಲಿ ದಿನದ ಪಡಿತರ ಒಂದು ಸಾವಿರ ಕ್ಯಾಲೊರಿಗಿಂತ ಕೆಳಗಿಳಿದು, ಕಡೆಕಡೆಗೆ ಐನೂರರ ಆಸುಪಾಸಿಗೆ ಬಂತು. ಜನ ಟ್ಯುಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಗುವ ತನಕ ಇದೇ ಸ್ಥಿತಿ. ಹಾಲೆಂಡಿನವರು ಜನನದ ದಾಖಲೆಗಳನ್ನು ಚೊಕ್ಕವಾಗಿ ಇಟ್ಟಿದ್ದರಿಂದ ಆ ಹಸಿವಿನ ಪರಿಣಾಮವನ್ನು ಮುಂದೆ ತಿಂಗಳ ಲೆಕ್ಕದಲ್ಲಿ ನೋಡಲು ಸಾಧ್ಯವಾಯಿತು. ಸ್ಟೈನ್, ಸಸರ್ ಮತ್ತು ಜೊತೆಗಾರರು 1975ರಲ್ಲಿ ಅದನ್ನೆಲ್ಲ ಒಂದು ಪುಸ್ತಕವಾಗಿ ತಂದರು.

ಆ ಲೆಕ್ಕದಿಂದ ತಿಳಿದದ್ದೇನು? ಮೊದಲನೆಯದಾಗಿ, ಹಸಿವು ತೀವ್ರವಾದ ತಿಂಗಳುಗಳಿಂದ ಎಣಿಸಿ ಒಂಬತ್ತು ತಿಂಗಳಿಗೆ ಹೆರಿಗೆಗಳ ಸಂಖ್ಯೆಯೇ ಕುಸಿದಿತ್ತು. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತುಹೋಗಿತ್ತು. ದೇಹ ತನ್ನ ಹೊಟ್ಟೆಗೇ ಇಲ್ಲದಾಗ ಇನ್ನೊಂದು ಜೀವಕ್ಕೆ ಬಾಗಿಲು ತೆರೆಯುವುದಿಲ್ಲ. ಎರಡನೆಯದಾಗಿ, ಕೊನೆಯ ಮೂರು ತಿಂಗಳಲ್ಲಿ ಹಸಿದ ತಾಯಂದಿರ ಮಕ್ಕಳು ತೂಕ ಕಡಿಮೆಯಾಗಿ ಹುಟ್ಟಿದರು. ಮೂರನೆಯದೇ ಮುಖ್ಯ. ಹಸಿವಿನ ದಿನಗಳಲ್ಲಿಯೇ ಗರ್ಭ ನಿಂತು, ಆಮೇಲೆ ತಾಯಿಗೆ ಹೊಟ್ಟೆ ತುಂಬ ಊಟ ಸಿಕ್ಕಿದ ಮಕ್ಕಳು ತೂಕದಲ್ಲಿ ಸರಿಯಾಗಿಯೇ ಹುಟ್ಟಿದರು. ಆದರೆ ಅಂಥವರ ನಡುವೆ ಮೆದುಳು, ಬೆನ್ನುಹುರಿಗಳ ಹುಟ್ಟುದೋಷ ಹೆಚ್ಚಾಗಿ ಕಂಡಿತು. ದೊಡ್ಡವರಾದ ಮೇಲೆ ಕೆಲವು ಬಗೆಯ ಕಾಯಿಲೆಗಳೂ ಹೆಚ್ಚಾಗಿ ಕಂಡವು. ಕೊನೆಯ ತಿಂಗಳುಗಳ ಉಪಚಾರ ಮೊದಲ ದಿನಗಳ ಕೊರತೆಯನ್ನು ತುಂಬಿಕೊಡಲಿಲ್ಲ. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ ಆರಂಭದ ಶಿಲ್ಕಿನಲ್ಲೇ ಇಲ್ಲದ್ದು ಅದು.

ಏಕೆ ಹೀಗೆ ಎಂಬುದನ್ನು ಗರ್ಭದ ಬೆಳವಣಿಗೆಯೇ ಹೇಳುತ್ತದೆ. ಶಿಶುವಿನ ಮೆದುಳು ಮತ್ತು ಬೆನ್ನುಹುರಿ ಮೊದಲಿಗೆ ಒಂದು ತೆಳುವಾದ ಹಾಳೆಯಂತಿರುತ್ತವೆ. ಆ ಹಾಳೆ ಎರಡು ಅಂಚುಗಳಿಂದ ಮೇಲೆದ್ದು ಮಡಚಿ, ಒಂದಕ್ಕೊಂದು ಬೆಸೆದು ಕೊಳವೆಯಾಗುತ್ತದೆ. ಅದನ್ನು ನರನಾಳ ಎನ್ನಬಹುದು. ಗರ್ಭ ನಿಂತ 28 ದಿನಗಳೊಳಗೆ ಈ ಬೆಸುಗೆ ಮುಗಿದಿರುತ್ತದೆ. ಬೆನ್ನಿನ ಕಡೆ ಬೆಸೆಯದೆ ಉಳಿದರೆ ಸ್ಪೈನಾ ಬೈಫಿಡಾ. ಮಗು ಬದುಕಿದರೂ ಕಾಲಿನ ಬಲ, ಮಲಮೂತ್ರದ ಹಿಡಿತ ತಪ್ಪಬಹುದು. ತಲೆಯ ಕಡೆ ಬೆಸೆಯದಿದ್ದರೆ ಮೆದುಳೇ ಬೆಳೆಯದು. ಆ ಮಗು ಉಳಿಯುವುದಿಲ್ಲ. ಇದೆಲ್ಲ ತೀರ್ಮಾನವಾಗುವ ಹೊತ್ತಿಗೆ ತಾಯಿಗೆ ಮುಟ್ಟು ತಪ್ಪಿ ಹೆಚ್ಚೆಂದರೆ ಎರಡು ವಾರ. ಎಷ್ಟೋ ಮನೆಗಳಲ್ಲಿ ಅತ್ತೆಗೆ ಇನ್ನೂ ಸುದ್ದಿ ತಿಳಿದಿರುವುದಿಲ್ಲ. ಬಯಕೆಯ ಊಟ ಬಡಿಸುವಾಗ ಆ ಬಾಗಿಲು ಮುಚ್ಚಿ ತಿಂಗಳುಗಳೇ ಕಳೆದಿರುತ್ತವೆ. ಗ್ರಹಣದ ದಿನ ಏನೋ ಹೆಚ್ಚಿದಳೆಂದು, ಹೊರಗೆ ಬಂದಳೆಂದು ತುಂಬು ಬಸುರಿಯನ್ನು ಗದರಿಸುತ್ತೇವಲ್ಲ, ಆ ಗದರಿಕೆಗೂ ಹುಟ್ಟುದೋಷಕ್ಕೂ ಯಾವ ಸಂಬಂಧವೂ ಇಲ್ಲ.

ಎಲೆಹುಳಿಯ ಕಥೆಯೂ ಹಾಲೆಂಡಿನ ಹಸಿವಿನ ಕಥೆಯೂ ಸಂಧಿಸಿದ್ದು ಇಂಗ್ಲೆಂಡಿನಲ್ಲಿ. 1965ರಲ್ಲಿ ಹಿಬ್ಬರ್ಡ್ ಮತ್ತು ಸ್ಮಿದೆಲ್ಸ್ ಎಂಬಿಬ್ಬರು, ಇಂಥ ಹುಟ್ಟುದೋಷದ ಮಕ್ಕಳನ್ನು ಹೆತ್ತ ತಾಯಂದಿರಲ್ಲಿ ಫೋಲಿಕ್ ಆಮ್ಲದ ಕೊರತೆಯ ಗುರುತು ಹೆಚ್ಚಾಗಿರುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಮಕ್ಕಳ ವೈದ್ಯರಾದ ರಿಚರ್ಡ್ ಸ್ಮಿದೆಲ್ಸ್ ಆಮೇಲೆ ಲೀಡ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೂ ಈ ವಿಚಾರವನ್ನು ಬಿಡಲಿಲ್ಲ. ಒಮ್ಮೆ ಇಂಥ ಮಗುವನ್ನು ಹೆತ್ತು, ಮತ್ತೆ ಮಗು ಬೇಕೆಂದಿರುವ ತಾಯಂದಿರಿಗೆ ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದಲೇ ಫೋಲಿಕ್ ಆಮ್ಲವೂ ಸೇರಿದ ವಿಟಮಿನ್ ಮಾತ್ರೆಗಳನ್ನು ಕೊಟ್ಟರು. 1980ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾತ್ರೆಯನ್ನು ಪೂರ್ತಿ ತೆಗೆದುಕೊಂಡ ತಾಯಂದಿರ 178 ಶಿಶುಗಳಲ್ಲಿ ಒಂದಕ್ಕೆ ದೋಷ ಮರುಕಳಿಸಿತ್ತು. ತೆಗೆದುಕೊಳ್ಳದವರ 260 ಶಿಶುಗಳಲ್ಲಿ 13ಕ್ಕೆ.

ಅಂಕಿಗಳು ಇಷ್ಟು ಸ್ಪಷ್ಟವಾಗಿದ್ದರೂ ವಾದ ಮುಗಿಯಲಿಲ್ಲ. ಮಾತ್ರೆ ತೆಗೆದುಕೊಂಡವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಕಾಳಜಿ ಇದ್ದವರು. ದೋಷ ಕಡಿಮೆಯಾದದ್ದು ಮಾತ್ರೆಯಿಂದಲೋ ಆ ಕಾಳಜಿಯಿಂದಲೋ ಎಂದು ಟೀಕಾಕಾರರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಚೀಟಿ ಎತ್ತಿದಂತೆ ಗುಂಪು ಮಾಡಿ, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದರ್ಧಕ್ಕೆ ಬರೀ ಮಾತ್ರೆಯಂತೆ ಕಾಣುವ ವಸ್ತು ಕೊಟ್ಟು ನೋಡಿದರೆ ಮಾತ್ರ ಸಂಶಯ ತೀರುತ್ತದೆ. ಸ್ಮಿದೆಲ್ಸ್ ಹಾಗೆ ಮಾಡಲು ಹೊರಟಾಗ, ಉಪಯೋಗವಾಗಬಹುದಾದ ಮಾತ್ರೆಯನ್ನು ಅರ್ಧ ಜನಕ್ಕೆ ತಪ್ಪಿಸುವುದು ಧರ್ಮವಲ್ಲವೆಂದು ನೀತಿ ಸಮಿತಿಗಳು ಒಪ್ಪಿಗೆ ಕೊಟ್ಟಿರಲಿಲ್ಲ. ಎರಡೂ ಪಕ್ಷದಲ್ಲಿ ನ್ಯಾಯವಿದ್ದ ಈ ಜಗ್ಗಾಟದಲ್ಲಿ ವರ್ಷಗಳು ಉರುಳಿದವು.

ಕೊನೆಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1983ರಲ್ಲಿ ಆ ಪರೀಕ್ಷೆಗೆ ಕೈಹಾಕಿತು. ಏಳು ದೇಶಗಳ 33 ಕೇಂದ್ರಗಳು, 1,817 ಹೆಂಗಸರು; ಎಲ್ಲರೂ ಹಿಂದೊಮ್ಮೆ ಈ ದುಃಖ ಕಂಡವರು. ನಾಲ್ಕು ಗುಂಪು ಮಾಡಿದರು: ಬರೀ ಫೋಲಿಕ್ ಆಮ್ಲ, ಬೇರೆ ವಿಟಮಿನ್‌ಗಳು, ಎರಡೂ, ಎರಡೂ ಇಲ್ಲ. 1991ರ ಏಪ್ರಿಲಿನಲ್ಲಿ ಲೆಕ್ಕ ನೋಡಿದಾಗ ದೋಷ ಕಂಡ ಗರ್ಭಗಳು ಒಟ್ಟು 27. ಫೋಲಿಕ್ ಆಮ್ಲ ಸಿಕ್ಕಿದ ಎರಡು ಗುಂಪುಗಳಲ್ಲಿ 6, ಸಿಗದ ಎರಡು ಗುಂಪುಗಳಲ್ಲಿ 21. ಅಂದರೆ ನೂರಕ್ಕೆ 72ರಷ್ಟು ರಕ್ಷಣೆ. ಇನ್ನು ಪರೀಕ್ಷೆ ಮುಂದುವರಿಸುವುದೇ ಅನ್ಯಾಯವೆಂದು ಅಲ್ಲಿಗೇ ನಿಲ್ಲಿಸಿದರು. ಬೇರೆ ವಿಟಮಿನ್‌ಗಳಿಂದ ಇಂಥ ಪ್ರಯೋಜನ ಕಾಣಲಿಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯೂ ಆಗ ಹಲವು ಕೇಂದ್ರಗಳಲ್ಲಿ ಇಂಥದೇ ಒಂದು ಪರೀಕ್ಷೆ ನಡೆಸುತ್ತಿತ್ತು. ಈ ಫಲಿತಾಂಶ ಬಂದ ಮೇಲೆ ಅದನ್ನೂ ನಿಲ್ಲಿಸಲಾಯಿತು. ಲೂಸಿ ವಿಲ್ಸ್ 1964ರಲ್ಲಿಯೇ ತೀರಿಕೊಂಡಿದ್ದರು. ತಾನು ಹುದುಗಿನಲ್ಲಿ ಕಂಡ ವಸ್ತುವಿಗೆ ಇಂಥ ಶಕ್ತಿಯೂ ಇದೆಯೆಂಬುದನ್ನು ಅವರು ನೋಡಲಿಲ್ಲ.

ಹಿಂದೆ ಇಂಥ ಮಗು ಹೆರದವರಿಗೂ ಇದು ಬೇಕೇ ಎಂಬ ಪ್ರಶ್ನೆಗೆ ಉತ್ತರ ಹಂಗೇರಿಯಿಂದ ಬಂತು. ಅಲ್ಲಿನ ಡಾ. ಸೈಜಲ್ 1984ರಲ್ಲಿ ಒಂದು ಯೋಜನೆ ಆರಂಭಿಸಿದ್ದರು. ಮಗು ಬೇಕೆನ್ನುವ ಗಂಡ ಹೆಂಡತಿ ಇಬ್ಬರೂ ಮೊದಲು ತಪಾಸಣೆಗೆ ಬರಬೇಕು. ಬಳಿಕ ಮೂರು ತಿಂಗಳು ತಯಾರಿ. ಬೀಡಿ ಸಿಗರೇಟು, ಮದ್ಯ ಬಿಡುವುದು, ಇರುವ ಕಾಯಿಲೆಗೆ ಮದ್ದು ಮಾಡುವುದು, ಹೆಂಗಸು ವಿಟಮಿನ್ ತೆಗೆದುಕೊಳ್ಳುವುದು. ಆಮೇಲೆ ಗರ್ಭ. 1992ರ ಕೊನೆಯಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಫೋಲಿಕ್ ಆಮ್ಲ ಸೇರಿದ ಮಾತ್ರೆ ತೆಗೆದುಕೊಂಡ 2,104 ಹೆಂಗಸರ ಗರ್ಭಗಳಲ್ಲಿ ಒಂದಕ್ಕೂ ನರನಾಳದ ದೋಷವಿರಲಿಲ್ಲ. ಇನ್ನೊಂದು ಗುಂಪಿನ 2,052ರಲ್ಲಿ 6 ಇದ್ದವು. ಚೀನಾದಲ್ಲಿ 1993ರಿಂದ 1995ರವರೆಗೆ ಮದುವೆಗೆ ಮೊದಲಿನ ತಪಾಸಣೆಯ ಹೊತ್ತಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಈ ದೋಷ ಹೆಚ್ಚಾಗಿದ್ದ ಉತ್ತರದ ಪ್ರಾಂತದಲ್ಲಿ ಅದರ ಪ್ರಮಾಣ ಮಾತ್ರೆ ತೆಗೆದುಕೊಳ್ಳದವರಲ್ಲಿ ಸಾವಿರಕ್ಕೆ 4.8 ಇದ್ದರೆ, ತೆಗೆದುಕೊಂಡವರಲ್ಲಿ ಸಾವಿರಕ್ಕೆ 1.0.

ಆದರೆ ಗರ್ಭಗಳೆಲ್ಲ ಲೆಕ್ಕ ಹಾಕಿ ನಿಲ್ಲುವುದಿಲ್ಲ. ಮಾತ್ರೆ ನುಂಗಿ ಕಾಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ ಅಮೆರಿಕದಲ್ಲಿ 1998ರ ಜನವರಿಯಿಂದ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯ ಮಾಡಿದರು. ಬ್ರೆಡ್ಡು ತಿಂದವರಿಗೆಲ್ಲ, ತಾಯಿಯಾಗುತ್ತೇನೆಂದು ಗೊತ್ತಿಲ್ಲದವರಿಗೂ, ಅದು ತಲಪಿತು. ಪರೀಕ್ಷೆಯ ಮುಂದಾಳಾಗಿದ್ದ ಬ್ರಿಟನ್ ಮಾತ್ರ ಈ ನಿರ್ಧಾರ ಪ್ರಕಟಿಸಿದ್ದು 2021ರಲ್ಲಿ, ತನ್ನದೇ ಪರೀಕ್ಷೆಯ ಫಲಿತಾಂಶ ಬಂದು ಮೂವತ್ತು ವರ್ಷಗಳ ಬಳಿಕ. ತಿಳಿವಳಿಕೆ ಬೇರೆ, ಅದು ಊಟದ ತಟ್ಟೆಗೆ ಬರುವುದು ಬೇರೆ.

ಇನ್ನು ಗಂಡಸಿನ ಮಾತು. ಮಕ್ಕಳಾಗದಿದ್ದರೆ ಹೆಂಗಸನ್ನು ದೇವಸ್ಥಾನದಿಂದ ದೇವಸ್ಥಾನಕ್ಕೆ ಸುತ್ತಿಸುವ ನಮಗೆ 1977ರ ಒಂದು ಘಟನೆ ತಿಳಿದಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್ ಎಂಬಲ್ಲಿ ಕೀಟನಾಶಕ ತಯಾರಿಸುವ ಕಾರ್ಖಾನೆಯಿತ್ತು. ತಮ್ಮಲ್ಲಿ ಬಹಳ ಮಂದಿಗೆ ಮಕ್ಕಳಾಗುತ್ತಿಲ್ಲವೆಂದು ಕೆಲಸಗಾರರೇ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಪರೀಕ್ಷೆ ಮಾಡಿ ನೋಡಿದರೆ ಡಿ.ಬಿ.ಸಿ.ಪಿ. ಎಂಬ ವಿಷದ ಕೆಲಸ ಮಾಡುತ್ತಿದ್ದವರಲ್ಲಿ ಎಷ್ಟೋ ಮಂದಿಯ ವೀರ್ಯಾಣುಗಳು ಕುಗ್ಗಿದ್ದವು. ಕೆಲವರಲ್ಲಿ ಇರಲೇ ಇಲ್ಲ. 1979ರಲ್ಲಿ ಆ ವಿಷದ ಬಳಕೆಯನ್ನು ಅಮೆರಿಕದ ಬಹುಭಾಗದಲ್ಲಿ ನಿಲ್ಲಿಸಿದರು. ಗಂಡಸಿನ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ಅವಧಿಯ ಬೀಡಿ, ಮದ್ಯ, ವಿಷ, ಕಾಯಿಲೆಗಳೆಲ್ಲ ಅದರ ಮೇಲೆ ಗುರುತು ಹಾಕಬಲ್ಲವು. ಹಂಗೇರಿಯ ಯೋಜನೆಯಲ್ಲಿ ಮೂರು ತಿಂಗಳ ತಯಾರಿಗೆ ಗಂಡನನ್ನೂ ಕರೆದದ್ದು ಸುಮ್ಮನೆ ಅಲ್ಲ. ಸುಶ್ರುತನ ಪಟ್ಟಿಯಲ್ಲಿಯೂ ಕ್ಷೇತ್ರದ ಜೊತೆಗೆ ಬೀಜ ಇದೆಯಲ್ಲ.

ಕಾಸರಗೋಡಿನವರಿಗೆ ವಿಷದ ಕಥೆಯನ್ನು ಕ್ಯಾಲಿಫೋರ್ನಿಯಾದಿಂದ ತರಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ಎಲ್ಲರಿಗೂ ಗೊತ್ತು. ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮೊದಲಾದವರು ಎಚ್ಚರಿಸುತ್ತ ಬಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಹುಡುಗರನ್ನು ಪರೀಕ್ಷಿಸಿ, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂಬ ವರದಿಯನ್ನು 2003ರಲ್ಲಿ ಪ್ರಕಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆಯಿತು. ಸುರಂಗದ ನೀರು ಕುಡಿದು, ಹಿತ್ತಿಲ ಬಸಳೆ ತಿಂದು ಬದುಕಿದ ಹೆಂಗಸಿಗೆ, ಬಸಿರಿಗೆ ಮೊದಲು ಜೀವನಕ್ರಮ ಸರಿಪಡಿಸಿಕೋ ಎಂದು ಉಪದೇಶ ಮಾಡಿದರೆ ಆಕೆ ಏನು ಹೇಳಿಯಾಳು? ಮುಂಬಯಿಯ ಬಡ ಹೆಂಗಸು ಸೊಪ್ಪು ಹಾಲು ಬೇಡವೆಂದು ಬಿಟ್ಟವಳಲ್ಲ, ಕೊಳ್ಳಲಾರದೆ ಬಿಟ್ಟವಳು. ಹಾಲೆಂಡಿನ ಹೆಂಗಸು ಉಪವಾಸವನ್ನು ಆರಿಸಿಕೊಂಡವಳಲ್ಲ. ಬಸಿರಿಗೆ ಮೊದಲಿನ ದಿನಗಳನ್ನು ಸರಿಪಡಿಸುವ ಹೊಣೆಯಲ್ಲಿ ಒಂದು ಪಾಲು ಆಕೆಯದು, ಒಂದು ಪಾಲು ಗಂಡನದು, ಮನೆಯದು. ದೊಡ್ಡದೊಂದು ಪಾಲು ಸಂಬಳ ಕೊಡುವವರದು, ಸರಕಾರದ್ದು. ಈ ಚರಿತ್ರೆಯಿಂದ ನನಗೆ ಮನವರಿಕೆಯಾದ ವಿಚಾರ ಇದು.

ಇನ್ನೂ ಒಂದು ಮಾತನ್ನು ಒತ್ತಿ ಹೇಳಬೇಕು. ನೂರಕ್ಕೆ 72ರಷ್ಟು ತಪ್ಪಿಸಬಹುದೆಂದರೆ ಉಳಿದದ್ದನ್ನು ತಪ್ಪಿಸಲಾಗದೆಂದೇ ಅರ್ಥ. ಎಲ್ಲವನ್ನೂ ಸರಿಯಾಗಿ ಮಾಡಿದ ತಾಯಿಗೂ ಇಂಥ ಮಗು ಹುಟ್ಟಬಹುದು. ಆದ್ದರಿಂದ ಈ ವಿದ್ಯೆಯನ್ನು ಮುಂದಿನ ಮಗುವಿಗಾಗಿ ಉಪಯೋಗಿಸಬೇಕೇ ಹೊರತು, ಹಿಂದಿನದಕ್ಕಾಗಿ ತಾಯಿಯನ್ನು ದೂರಲು ಬಳಸಬಾರದು.

ನಮ್ಮ ದೇಶದಲ್ಲಿ ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ 1970ರಿಂದ ಇದೆ. ಅದು ರಕ್ತಹೀನತೆಗಾಗಿ ಮಾಡಿದ್ದು. ಗರ್ಭಿಣಿ ಹೆಸರು ಬರೆಸಿದ ಮೇಲೆ ಕೈಗೆ ಬರುವುದು. ನರನಾಳದ ಮಟ್ಟಿಗೆ ಆಗ ತಡವಾಗಿರುತ್ತದೆ. 2018ರ ‘ರಕ್ತಹೀನತೆ ಮುಕ್ತ ಭಾರತ’ ಯೋಜನೆಯಲ್ಲಿ ಶಾಲಾ ಬಾಲಕಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ, ಹೆರುವ ವಯಸ್ಸಿನ ಹೆಂಗಸರಿಗೂ ವಾರಕ್ಕೊಂದು ಮಾತ್ರೆ ಎಂಬ ಏರ್ಪಾಡು ಬಂದಿದೆ. 2019ರಿಂದ 2021ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಆರೋಗ್ಯದಲ್ಲಿ ಮುಂದಿರುವ ಕೇರಳದಲ್ಲಿಯೂ ಮೂವರಲ್ಲಿ ಒಬ್ಬಳಿಗಿಂತ ಹೆಚ್ಚು. ಮಗಳು ಶಾಲೆಯಿಂದ ತಂದ ನೀಲಿ ಮಾತ್ರೆ ಕಿಟಕಿಯಾಚೆ ಬೀಳದಂತೆ ನೋಡಿಕೊಂಡರೆ ಅದೂ ಒಂದು ಉಪಚಾರವೇ.

ವೈದ್ಯರು ಈಗ ಹೇಳುವುದು ಇಷ್ಟು: ಮಗು ಬೇಕೆಂದುಕೊಂಡ ಹೆಂಗಸು ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ, ನಿಂತ ಮೇಲೆ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ಹಿಂದೆ ನರನಾಳದ ದೋಷದ ಮಗು ಆಗಿದ್ದರೆ, ಸಕ್ಕರೆ ಕಾಯಿಲೆ ಅಥವಾ ಅಪಸ್ಮಾರಕ್ಕೆ ಮದ್ದು ನಡೆಯುತ್ತಿದ್ದರೆ ಪ್ರಮಾಣವೇ ಬೇರೆ. ಅದನ್ನು ವೈದ್ಯರೇ ಹೇಳಬೇಕು. ಮೀನು ಮಾಂಸ ಮುಟ್ಟದ ಮನೆಯವರಲ್ಲಿ ಬಿ12 ಎಂಬ ಇನ್ನೊಂದು ವಿಟಮಿನ್ನಿನ ಕೊರತೆ ಸಾಮಾನ್ಯ. ಬರೀ ಫೋಲಿಕ್ ಆಮ್ಲ ಅದನ್ನು ತುಂಬುವುದಿಲ್ಲ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಆ ಕೊರತೆಯನ್ನು ಮರೆಮಾಚಲೂಬಹುದು. ಆದ್ದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಲೇಸು. ಊಟದ ವಿಚಾರಕ್ಕೆ ಬಂದರೆ ಎಲೆಹುಳಿ ಇರುವುದು ಹೆಸರಿನಂತೆ ಎಲೆಯಲ್ಲಿ, ಕಾಳಿನಲ್ಲಿ: ಬಸಳೆ, ಹರಿವೆ, ನುಗ್ಗೆಸೊಪ್ಪು, ಅಲಸಂಡೆ, ಹೆಸರು, ಕಡಲೆ. ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲಿದರೆ ಅದು ನೀರಿನೊಂದಿಗೇ ಹೋಗುತ್ತದೆ. ಗಂಜಿಗೆ ಬರೀ ಉಪ್ಪಿನಕಾಯಿ ಸಾಲದು, ಜೊತೆಗೊಂದು ಸೊಪ್ಪಿನ ಪಲ್ಯ ಬೇಕು.

ಇದಕ್ಕೆ ಹೊಸದೊಂದು ಶಾಸ್ತ್ರ ಹುಟ್ಟಿಸಬೇಕಾಗಿಲ್ಲ. ತುಳುನಾಡಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಆಟಿ ತಿಂಗಳಲ್ಲಿ ತವರಿಗೆ ಬಂದು ಕೂರುವ ಪದ್ಧತಿ ಇದೆ. ಮಲಯಾಳದವರಿಗೆ ಅದೇ ಕರ್ಕಟಕ. ಅವರು ಆಗ ಹತ್ತು ಬಗೆಯ ಎಲೆ ಸೇರಿಸಿ ಪತ್ತಿಲ ತೋರನ್ ಮಾಡುತ್ತಾರೆ. ನಮ್ಮಲ್ಲಿ ತಗತೆ ಸೊಪ್ಪಿನ ಪಲ್ಯ, ಕೆಸುವಿನ ಪತ್ರೊಡೆ. ಬಸಿರಿಗೆ ಮೊದಲಿನ ಹುಡುಗಿ, ಸೊಪ್ಪಿನ ಊಟ, ತಾಯಿಯ ಕೈ, ಮೂರೂ ಒಂದೇ ಸೂರಿನಡಿ ಇರುವ ತಿಂಗಳು ಅದು. ಆ ತಿಂಗಳಲ್ಲಿ ಮಗಳನ್ನು ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ನೋಡಿಸಿ, ಮಾತ್ರೆಯ ಬಗ್ಗೆ ಕೇಳಿ ಬರಲಿ. ಅಳಿಯ ಬಂದಾಗ ಮಾವನೋ ಭಾವನೋ ಬೀಡಿ ಸಿಗರೇಟಿನ ಮಾತು ತೆಗೆಯಲಿ. ಬಯಕೆಯ ಊಟ ಎಂದಿನಂತೆ ಏಳನೆಯ ತಿಂಗಳಲ್ಲೇ ನಡೆಯಲಿ, ಆದರೆ ಉಪಚಾರ ಮಾತ್ರ ಆಟಿಯಿಂದಲೇ ಆರಂಭವಾಗಲಿ.